ಹತ್ತಿ ಬಂದವಳು

ಅಂಗಳದಲ್ಲಿ, ನೆಲದೊಳಗಿನ ನೀರಿನ ಸಂಪಿನ ಮುಚ್ಚಳದ ಮೇಲೆ ಮಣೆ ಹಾಕಿಕೊಂಡು ಕೂತು ಪಂಕಜಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಎದುರಿಗೆ ಪ್ಲಂಬರ್ ವೆಂಕಟಸ್ವಾಮಿ ಹೆಗಲ ಚೀಲವನ್ನು ಕೆಳಗಿಡಲೂ ಆಗದೆ, ಹೊತ್ತುಕೊಂಡು ಹೋಗಲೂ ಆಗದೆ ನಿಂತಿದ್ದ. ಅವನ ಕೈಯಲ್ಲಿ ಒಂದು ಬಾಲ್ ವಾಲ್ವ್ ಇತ್ತು. ಸಂಪಿನಲ್ಲಿ ನೀರು ಏರಿದಂತೆ ಅದರ ಪ್ಲಾಸ್ಟಿಕ್ ಬುರುಡೆ ತೇಲಿ ಮೇಲೆದ್ದು, ತುಂಬಿದ ಕೂಡಲೇ ನೀರನ್ನು ತಾನೇ ನಿಲ್ಲಿಸಿಬಿಡುತ್ತದೆ.

"ಅಮ್ಮಾ, ಅರ್ಧ ಗಂಟೆ ಕೆಲ್ಸ ಅಷ್ಟೆ," ಅಂದ ವೆಂಕಟಸ್ವಾಮಿ.

"ನಿನ್ನ ಕೆಲ್ಸ ಅರ್ಧ ಗಂಟೇದಪ್ಪ. ನನ್ನ ಕೆಲ್ಸ ಮಧ್ಯಾಹ್ನದ ತನಕ ಇದೆ," ಎಂದು ಪಂಕಜಮ್ಮ ಮೊರದ ರಾಶಿ ತೋರಿಸಿದರು. "ಒಳ್ಳೆ ಸೊಗಡಿನ ಕಾಯಿ. ಬೇಕಾದ್ರೆ ಒಂದು ಬೊಗಸೆ ಮನೆಗೆ ತಗೊಂಡ್ಹೋಗು. ಮುಚ್ಚಳಕ್ಕೆ ಮಾತ್ರ ಕೈ ಹಾಕ್ಬೇಡ."

ಸೊಸೆ ಕಲ್ಯಾಣಿ ಆಫೀಸಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ವೆಂಕಟಸ್ವಾಮಿ ಅವಳ ಕಡೆ ತಿರುಗಿದ. ಇಲ್ಲಿ ತನ್ನದೇನೂ ನಡೆಯುವುದಿಲ್ಲ, ಹೋಗಿ ಬಾ ಎಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ಅವರೆಕಾಯಿ ಕಟ್ಟಿಸಿಕೊಂಡು ಹೊರಟುಹೋದ.

ಕಲ್ಯಾಣಿ ಸರ್ಕಾರದಲ್ಲಿ ಇಂಜಿನಿಯರು. ಇಂಧನ ಇಲಾಖೆಯ ಮೂಲೆಯ ಕೋಣೆಯೊಂದರಲ್ಲಿ ಕೂತು ವರ್ಷಗಟ್ಟಲೆ ಒಂದೇ ಮಾತನ್ನು ಬೇರೆ ಬೇರೆ ಫೈಲುಗಳಲ್ಲಿ ಬರೆದವಳು. ಬೆಂಗಳೂರಿನಲ್ಲಿ ನೀರು ಉಳಿಸುವುದು, ಕರೆಂಟು ಉಳಿಸುವುದು ಎಂದು ಎರಡು ಕೆಲಸಗಳಿಲ್ಲ, ಇರುವುದು ಒಂದೇ. ಕಾವೇರಿ ನೂರು ಕಿಲೋಮೀಟರು ದೂರದಿಂದ ಬರುತ್ತದೆ, ದಾರಿಯುದ್ದಕ್ಕೂ ಪಂಪುಗಳು ಅದನ್ನು ಮೇಲಕ್ಕೆತ್ತಬೇಕು. ಒಂದು ಕೊಡ ನೀರು ಮೋರಿಗೆ ಹೋದರೆ ಅದನ್ನು ಎತ್ತಿ ತಂದ ಕರೆಂಟೂ ಅದರ ಹಿಂದೆಯೇ ಮೋರಿಗೆ ಹೋದಂತೆ. ಮಾತು ಇಷ್ಟು ಸರಳವಾಗಿದ್ದರೂ ನೀರಿನವರು ಕರೆಂಟು ನಮ್ಮದಲ್ಲ ಎಂದರು, ಕರೆಂಟಿನವರು ನೀರು ನಮ್ಮದಲ್ಲ ಎಂದರು. ಮುನಿಸಿಕೊಂಡ ಬೀಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಓಡಾಡುವವಳಂತೆ ಕಲ್ಯಾಣಿ ಎರಡು ಇಲಾಖೆಗಳ ನಡುವೆ ಮೆಟ್ಟಿಲು ಹತ್ತಿ ಇಳಿದಳು.

ಕೊನೆಗೂ ಸರ್ಕಾರ ಎರಡನ್ನೂ ಜೋಡಿಸಿ ಒಂದು ನೀತಿ ಮಾಡಲು ಒಪ್ಪಿತು. ಮೊದಲು ಒಂದು ರಸ್ತೆಯಲ್ಲಿ ಪ್ರಯೋಗ. ರಸ್ತೆಯ ಬಾಯಲ್ಲಿ ಒಂದು ಮೀಟರು, ಪ್ರತಿ ಸಂಪಿಗೂ ಬಾಲ್ ವಾಲ್ವು, ಪ್ರತಿ ನಲ್ಲಿಗೂ ನೀರು ತಗ್ಗಿಸುವ ಜಾಲರಿ. ಎಷ್ಟು ನೀರು ಉಳಿಯಿತು, ಅದರಿಂದ ಪಂಪಿನ ಕರೆಂಟು ಎಷ್ಟು ಉಳಿಯಿತು ಎಂದು ಒಂದು ವರ್ಷ ನೋಡುವುದು. ಉಳಿದದ್ದು ನಿಜವಾದರೆ ಊರಿಗೆಲ್ಲ ಅದೇ ನಿಯಮ. ಷರತ್ತು ಒಂದೇ, ರಸ್ತೆಯ ಎಲ್ಲ ಮನೆಯವರೂ ಒಪ್ಪಬೇಕು. ಒಂದು ಮನೆ ತಪ್ಪಿದರೂ ಮೀಟರಿನ ಲೆಕ್ಕ ಕೆಟ್ಟಂತೆ. ಯಾವ ರಸ್ತೆ ಎಂದು ಮೇಲಿನವರು ಕೇಳಿದಾಗ ಕಲ್ಯಾಣಿ ಹಿಂದೆಮುಂದೆ ನೋಡದೆ ತ್ಯಾಗರಾಜನಗರದ ತನ್ನದೇ ರಸ್ತೆಯ ಹೆಸರು ಹೇಳಿಬಿಟ್ಟಿದ್ದಳು. ಓದಿದ ಜನ, ಗುರುತಿನ ಜನ, ಬೇಡವೆನ್ನುವವರು ಯಾರು ಎಂಬ ಧೈರ್ಯ. ಸ್ವಂತ ಅತ್ತೆಯನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಂಕಜಮ್ಮನವರದು ಹಳೆಯ ಪದ್ಧತಿ. ದಿನ ಬಿಟ್ಟು ದಿನ ಬೆಳಿಗ್ಗೆ ಕಾವೇರಿ ನೀರು ಬಿಡುವ ಹೊತ್ತಿಗೆ ಸ್ನಾನ ಮುಗಿಸಿ, ಸಂಪಿನ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು ಕಾಯುತ್ತಿದ್ದರು. ಸಂಪು ತುಂಬಿದ ಮೇಲೆ ಕಾವೇರಿಯ ಅಷ್ಟೋತ್ತರ ಶುರು. ಅದು ಮುಗಿಯುವವರೆಗೂ ನೀರು ಮುಚ್ಚಳದ ಸಂದಿನಿಂದ ಉಕ್ಕಿ, ರಂಗೋಲಿಯನ್ನು ಬಳಸಿಕೊಂಡು, ಹೂವನ್ನು ತೇಲಿಸಿಕೊಂಡು, ಗೇಟಿನ ಕೆಳಗಿಂದ ಬೀದಿಗಿಳಿಯಬೇಕು. ಇಳಿದ ಮೇಲೆ ಕೈ ಮುಗಿದು ವಾಲ್ವ್ ತಿರುಗಿಸಿ ನಿಲ್ಲಿಸುತ್ತಿದ್ದರು. ತುಂಬಿದ್ದಕ್ಕೆ ತುಳುಕುವುದೇ ಸಾಕ್ಷಿ, ಮನೆಗೆ ಬಂದವಳಿಗೆ ಇಷ್ಟೇ ಸಾಕು ಎನ್ನಬಾರದು ಎಂಬುದು ಅವರ ವಾದ. ಮಗ ಮಾಧವ ಹಿಂದೊಮ್ಮೆ ಬಾಲ್ ವಾಲ್ವ್ ಹಾಕಿಸಿದಾಗ ಮಾರನೆಯ ದಿನವೇ ಅದನ್ನು ಬಿಚ್ಚಿಸಿ, ಅಟ್ಟಕ್ಕೆ ಹಾಕಿಸಿದ್ದರು.

ಅದರ ಹಿಂದೊಂದು ನೋವಿತ್ತು, ಅದೂ ಕಲ್ಯಾಣಿಗೆ ಗೊತ್ತು. ಪಂಕಜಮ್ಮ ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ನೀರೆಂದರೆ ಬೀದಿ ಕೊನೆಯ ನಲ್ಲಿ. ಪಾಳಿ ಬರುವಷ್ಟರಲ್ಲಿ ನಲ್ಲಿ ಸಣ್ಣಗಾಗಿರುತ್ತಿತ್ತು. ಅರ್ಧ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದರೆ ಅವರ ಅತ್ತೆ ಏನೂ ಅನ್ನುತ್ತಿರಲಿಲ್ಲವಂತೆ. ಕೊಡದೊಳಗೆ ಬಗ್ಗಿ ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದರಂತೆ. "ಬೈದಿದ್ರೆ ವಾಸಿಯಾಗಿತ್ತು ಕಣೇ," ಎಂದು ಪಂಕಜಮ್ಮ ಈಗಲೂ ಹೇಳುತ್ತಿದ್ದರು. ಆಮೇಲೊಂದು ದಿನ ಕಾವೇರಿ ಬಂದಳು. ಅಂಗಳದ ನಲ್ಲಿಯಲ್ಲಿ ಮೊದಲ ಸಲ ನೀರು ಬಿದ್ದಾಗ ಮನೆಮಂದಿಯೆಲ್ಲ ಸುತ್ತ ನಿಂತು, ಕೊಡ ತುಂಬಿ ಹರಿದರೂ ನಿಲ್ಲಿಸದೆ ನೋಡಿದರಂತೆ. ಆ ಅತ್ತೆ ಹರಿಯುವ ನೀರಿನಲ್ಲಿ ಕಾಲಿಟ್ಟು ನಿಂತು, ಸೊಸೆಯ ತಲೆಯ ಮೇಲೆ ಕೈಯಿಟ್ಟರಂತೆ. ಇಂಥದ್ದನ್ನು ಒಂದು ಪ್ಲಾಸ್ಟಿಕ್ ಬುರುಡೆ ಹಾಕಿ ನಿಲ್ಲಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಕಲ್ಯಾಣಿ ವಾರದಿಂದ ಆ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಪ್ಲಂಬರನ್ನು ಕರೆಸಿದ್ದೇ ಅವಳ ಮಟ್ಟಿಗೆ ದೊಡ್ಡ ಸಾಹಸ.

ಎದುರು ಮನೆಯ ಅನಂತಪದ್ಮನಾಭರಾಯರಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಬೀದಿಯ ಆಗುಹೋಗುಗಳಿಗೆಲ್ಲ ತಾವೇ ಹೊಣೆ ಎಂದು ತಿಳಿದವರು. ಅಂದು ಬೆಳಿಗ್ಗೆ ಕಲ್ಯಾಣಿ ಕಾರು ತೆಗೆಯುವಾಗ ಅಡ್ಡ ಬಂದು ನಿಂತರು.

"ನೋಡಮ್ಮ ಕಲ್ಯಾಣಿ, ನಿಮ್ಮ ಸ್ಕೀಮು ಬೇಡ ಅಂತ ನಾನನ್ನಲ್ಲ. ಆದ್ರೆ ನಿಮ್ಮನೆ ಗೇಟಿಂದ ನೀರು ಹೊಳೆ ಥರ ಇಳೀತಿರೋವಾಗ ನಾನು ನಲ್ಲಿಗೆ ಜಾಲರಿ ಹಾಕ್ಕೊಂಡು ತೊಟ್ಟು ತೊಟ್ಟು ಸ್ನಾನ ಮಾಡ್ಬೇಕಾ? ಮೊದ್ಲು ನಿಮ್ಮನೇದು ಆಗ್ಲಿ. ಬೀದಿಯೋರೆಲ್ಲ ಇದನ್ನೇ ಅಂತಿದಾರೆ. ನಿಮ್ಮೆದುರು ಹೇಳಲ್ಲ, ಅಷ್ಟೆ."

ಅದು ಶುಕ್ರವಾರ. ಸೋಮವಾರ ಎಲ್ಲರ ಒಪ್ಪಿಗೆ ಮೇಲಕ್ಕೆ ಹೋಗಬೇಕು. ಹೋಗದಿದ್ದರೆ ಪ್ರಯೋಗ ಅಲ್ಲಿಗೇ ಮುಗಿಯಿತು, ಎರಡೂ ಇಲಾಖೆಗಳು ತಂತಮ್ಮ ಕಾರಿಡಾರಿಗೆ ವಾಪಸ್ಸು. ಇನ್ನೊಂದು ಸಲ ಅವರನ್ನು ಕರೆದು ಕೂರಿಸುವ ಕಸುವು ತನ್ನಲ್ಲಿ ಉಳಿದಿಲ್ಲ ಎಂದು ಕಲ್ಯಾಣಿಗೆ ಗೊತ್ತಿತ್ತು.

ಸಂಜೆ ಮೂವರೂ ಕಾಫಿಗೆ ಕೂತಾಗ ಪಂಕಜಮ್ಮನೇ ಮಾತು ತೆಗೆದರು.

"ನಾಳೆ ಶನಿವಾರ. ನಿಂಗೆ ರಜ ಅಲ್ವಾ?"

"ಇಲ್ಲ ಅತ್ತೆ, ಪಂಪ್‌ಹೌಸಿಗೆ ಹೋಗ್ಬೇಕು. ಕನಕಪುರ ರಸ್ತೇಲಿ, ಊರಾಚೆ. ಕಾವೇರಿ ನೀರು ಮೊದ್ಲು ಅಲ್ಲಿಗೆ ಬಂದು ಆಮೇಲೆ ನಮ್ಮ ಕಡೆ ಬರೋದು."

ಪಂಕಜಮ್ಮ ಲೋಟ ಕೆಳಗಿಟ್ಟರು. "ಅಂದ್ರೆ ಕಾವೇರಿ ಅಲ್ಲಿಗೇ ಬರ್ತಾಳಾ?"

"ಪೈಪಲ್ಲಿ ಬರುತ್ತೆ."

"ಪೈಪಲ್ಲೋ ಪಲ್ಲಕ್ಕೀಲೋ, ಬರ್ತಾಳೆ ತಾನೆ? ಹಾಗಾದ್ರೆ ನಾನೂ ಬರ್ತೀನಿ. ನೀನು ಬಾಯಿ ಬಿಟ್ಟು ಕೇಳ್ದೇ ಇದ್ರೂ ವಾರದಿಂದ ನಿನ್ನ ಮುಖ ನೋಡ್ತಾನೇ ಇದೀನಿ ನಾನು. ಅವಳ ಹತ್ರಾನೇ ಪ್ರಸಾದ ಕೇಳ್ಬಿಡೋಣ. ಬಲಕ್ಕೆ ಹೂವು ಕೊಟ್ರೆ ನಿನ್ನ ಬುರುಡೆ ಹಾಕಿಸ್ಕೋ. ಎಡಕ್ಕೆ ಕೊಟ್ರೆ ನಾನಿರೋ ತನಕ ಆ ಮಾತು ಎತ್ಬೇಡ."

ಮಾಧವ ಪೇಪರಿನಿಂದ ತಲೆಯೆತ್ತಿದ. "ಅಮ್ಮಾ, ಅದು ಗೌರ್ಮೆಂಟ್ ಪಾಲಿಸಿ. ಹೂ ಕೇಳಿ ಮಾಡೋದಲ್ಲ."

"ಮತ್ತೆ ಯಾರನ್ನ ಕೇಳಿ ಮಾಡ್ತಾರೆ?"

ಮಾಧವ ಮತ್ತೆ ಪೇಪರಿನೊಳಗೆ ಹೋದ.

ಹೂವಿನ ಪ್ರಸಾದ ಆ ಮನೆಗೆ ಹೊಸದಲ್ಲ. ಮನಸ್ಸಿನ ಮಾತನ್ನು ದೇವರ ಮುಂದಿಟ್ಟು ಕಾಯುವುದು, ವಿಗ್ರಹದ ಮೇಲಿನ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಕಲ್ಯಾಣಿ ಈ ಮನೆಗೆ ಸೊಸೆಯಾಗಿ ಬಂದದ್ದೂ ಬಲಕ್ಕೆ ಬಿದ್ದ ಒಂದು ಹೂವಿನಿಂದಲೇ. ಇಂಜಿನಿಯರಿಂಗ್ ಓದಿದವಳು ಇಂಥದ್ದನ್ನು ನಂಬುತ್ತಾಳೋ ಬಿಡುತ್ತಾಳೋ, ಆ ಕ್ಷಣದಲ್ಲಿ ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಆಯಿತು ಅತ್ತೆ ಎಂದಳು.

ಪಂಪ್‌ಹೌಸಿನ ಇಂಜಿನಿಯರ್ ಯುವರಾಜ್ ಉತ್ತರಹಳ್ಳಿಯವನು, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಸೇವಂತಿಗೆ ಮತ್ತು ಕುಂಕುಮದ ಭರಣಿ ಹಿಡಿದು ಕಾರಿನಿಂದಿಳಿದ ಪಂಕಜಮ್ಮನನ್ನು ನೋಡಿ ಅವನು ಒಂದು ಗಳಿಗೆ ತಬ್ಬಿಬ್ಬಾದ. ಮೇಡಂ ಜೊತೆ ಅವರ ಅತ್ತೆ ಬರುತ್ತಾರೆಂದು ಗೊತ್ತಿತ್ತು, ಪೂಜೆಗೆ ಬರುತ್ತಾರೆಂದು ಗೊತ್ತಿರಲಿಲ್ಲ. ಆದರೂ ಕೈ ಮುಗಿದು, ಇಬ್ಬರಿಗೂ ಹಳದಿ ಹೆಲ್ಮೆಟ್ ಕೊಟ್ಟ. ಪಂಕಜಮ್ಮ ಅದನ್ನು ಸೆರಗಿನ ಮೇಲೇ ಹಾಕಿಕೊಂಡರು.

ಬಾಗಿಲು ತೆರೆದದ್ದೇ ಸದ್ದು ಮೈಮೇಲೆ ಬಂತು. ಅದು ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಎದೆಗೂಡಿಗೆ, ಹಲ್ಲಿಗೆ, ಅಂಗಾಲಿಗೆ ತಾಕುವ ಸದ್ದು. ಮದುವೆ ಛತ್ರಕ್ಕಿಂತ ಉದ್ದದ ಹಾಲು, ಅದರ ಉದ್ದಕ್ಕೂ ಒಂದರ ಪಕ್ಕ ಒಂದು ಮೋಟಾರು, ಒಂದೊಂದೂ ಲಾರಿಯಷ್ಟು ದಪ್ಪ. ಪ್ರತಿಯೊಂದರಿಂದಲೂ ಎದೆಮಟ್ಟದ ನೀಲಿ ಕೊಳವೆ ಹೊರಟು ಗೋಡೆಯಾಚೆಗೆ ಹೋಗಿ, ಅಲ್ಲಿ ಆಳೆತ್ತರದ ಇನ್ನೊಂದು ಕೊಳವೆಯನ್ನು ಕೂಡುತ್ತಿತ್ತು. ಒಂದು ಹನಿ ನೀರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲ್ಯಾಣಿ ಹಿಂದೆ ಇಲ್ಲಿಗೆ ಬಂದಿದ್ದಳು, ಆದರೆ ಬಂದಾಗಲೆಲ್ಲ ಆಫೀಸು ಕೋಣೆಯಲ್ಲೇ ಕೂತು ಅಂಕಿ ಅಂಶ ಬರೆದುಕೊಂಡು ಹೋಗಿದ್ದಳು. ಈ ಹಾಲಿನೊಳಗೆ ಕಾಲಿಟ್ಟಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ನಾಚಿಕೆಯಾಯಿತು, ಆದರೆ ಅದರ ಮೇಲೆ ಮನಸ್ಸು ನಿಲ್ಲದಷ್ಟು ದೊಡ್ಡದಾಗಿತ್ತು ಎದುರಿಗಿದ್ದದ್ದು.

"ಎಲ್ಲಿ ಅವಳು?" ಪಂಕಜಮ್ಮ ಕೂಗಿ ಕೇಳಿದರು.

ಯುವರಾಜ್ ಅವರ ಕಿವಿಯ ಹತ್ತಿರ ಬಗ್ಗಿದ. "ಇದರೊಳಗೇ ಅಮ್ಮ. ಹೋಗ್ತಾ ಇದೆ."

"ಇಷ್ಟೊಂದು ಗಲಾಟೆ ಯಾಕೆ? ನೀರು ತಾನಾಗೇ ಹರ್ಕೊಂಡು ಬರೋದಲ್ವಾ?"

"ಹೇಗೆ ಬರುತ್ತಮ್ಮ? ಹೊಳೆ ಕೆಳಗಿದೆ, ನಾವು ಮೇಲಿದೀವಿ."

ಪಂಕಜಮ್ಮ ಅವನನ್ನೇ ನೋಡಿದರು. ನೀರು ತಗ್ಗಿಗೆ ಹರಿಯುತ್ತದೆ ಎನ್ನುವುದು ಅವರಿಗೂ ಗೊತ್ತಿದ್ದದ್ದೇ. ಆದರೆ ಇಷ್ಟು ವರ್ಷ ತಮ್ಮ ಮನೆ ಬಾಗಿಲು ತಗ್ಗಿನಲ್ಲಿದೆ ಎಂದೇ ನಂಬಿಕೊಂಡಿದ್ದರೆಂದು ಕಾಣುತ್ತದೆ.

"ಎಷ್ಟು ಮೇಲೆ?"

"ಚಾಮುಂಡಿ ಬೆಟ್ಟ ನೋಡಿದೀರಲ್ಲ? ಅದನ್ನ ಪೂರ್ತಿ ಹತ್ತಿ, ಮತ್ತೆ ಅದರರ್ಧ ಹತ್ತಿದ ಹಾಗೆ. ಮಧ್ಯೆ ಎರಡು ಕಡೆ ತೊಟ್ಟೀಲಿ ನಿಂತು ಬರುತ್ತೆ. ಇದೇ ಕೊನೇ ಏರು. ನಮ್ಮನೆಗೂ ಇಲ್ಲಿಂದಾನೇ."

"ನಾನು ಮದುವೆಯಾದ ಹೊಸದ್ರಲ್ಲಿ ಬೆಟ್ಟ ಹತ್ತೋಕೆ ಹೋಗಿ ನಂದಿ ಹತ್ರಾನೇ ಕೂತ್ಬಿಟ್ಟಿದ್ದೆ," ಎಂದು ಪಂಕಜಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು. ಆಮೇಲೆ ತಾವು ಬಂದ ಕೆಲಸ ನೆನಪಾಗಿ ಹತ್ತಿರದ ಕೊಳವೆಯ ಬಳಿ ಹೋದರು. "ಇದು ಯಾವ ಕಡೆ ಮುಖ ಮಾಡಿ ಹೋಗ್ತಿದೆಯಪ್ಪ?"

"ಬೆಂಗಳೂರಿನ ಕಡೆ."

"ಹಾಗಾದ್ರೆ ಈ ಕಡೆ ಬಲ," ಎಂದು ತೀರ್ಮಾನಿಸಿ, ಕೊಳವೆಗೆ ಕುಂಕುಮವಿಟ್ಟು, ಅದರ ನೆತ್ತಿಯ ಮೇಲೆ ಸೇವಂತಿಗೆ ಹೂವನ್ನಿಟ್ಟು ಕಣ್ಣು ಮುಚ್ಚಿದರು.

ಕೊಳವೆ ನಡುಗುತ್ತಿತ್ತು. ಆ ನಡುಕಕ್ಕೆ ಹೂವು ನಿಂತಲ್ಲಿ ನಿಲ್ಲದೆ ತೆವಳತೊಡಗಿತು. ಒಮ್ಮೆ ಬಲಕ್ಕೆ ಒಂದು ಬೆರಳಷ್ಟು, ಮತ್ತೆ ಎಡಕ್ಕೆ. ಎರಡು ಇಲಾಖೆ, ನೂರಾರು ಪುಟ, ಕಾರ್ಯದರ್ಶಿಗಳ ಸಹಿ ಎಲ್ಲವೂ ಒಂದು ಸೇವಂತಿಗೆ ಯಾವ ಕಡೆ ಉರುಳುತ್ತದೆ ಎನ್ನುವುದರ ಮೇಲೆ ಬಂದು ನಿಂತಿತ್ತು. ಬಲಕ್ಕೆ ಬೀಳಲಿ ದೇವರೇ ಎಂದು ತಾನೂ ಬೇಡಿಕೊಳ್ಳುತ್ತಿರುವುದು ಕಲ್ಯಾಣಿಗೆ ತಡವಾಗಿ ತಿಳಿಯಿತು. ಯುವರಾಜನೂ ಕೈ ಕಟ್ಟಿಕೊಂಡು ಹೂವನ್ನೇ ನೋಡುತ್ತಿದ್ದ.

ಆಗ ಕರೆಂಟು ಹೋಯಿತು.

ದೀಪಗಳು ಆರಿದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ, ಮೇಲಿನ ಕಿಟಕಿಗಳಿಂದ ಬೆಳಕಿತ್ತು. ಆದರೆ ಮೋಟಾರುಗಳ ಸದ್ದು ಒಮ್ಮೆಗೇ ಇಳಿಯತೊಡಗಿತು. ಇಳಿದು, ಇಳಿದು, ನೆಲದೊಳಗೆ ಹೋಯಿತು. ಹಿಂದೆಯೇ ಕೊಳವೆಗಳೊಳಗಿಂದ ಒಂದಾದ ಮೇಲೊಂದು ಭಾರವಾದ ಬಾಗಿಲುಗಳು ಬಡಿದುಕೊಂಡವು. ಇಡೀ ಕಟ್ಟಡ ಒಮ್ಮೆ ಅದುರಿತು. ಕಲ್ಯಾಣಿ ಅತ್ತೆಯ ತೋಳು ಹಿಡಿದುಕೊಂಡಳು. ಆಮೇಲೆ ಏನೂ ಇಲ್ಲ. ಅಂಥ ನಿಶ್ಶಬ್ದವನ್ನು ಅವಳು ಬೆಂಗಳೂರಿನಲ್ಲಿ ಕೇಳಿರಲಿಲ್ಲ. ಹೊರಗೆಲ್ಲೋ ಗಿಳಿಗಳು ಕೂಗುತ್ತಿದ್ದವು, ಹಾಲಿನ ಆ ತುದಿಯಲ್ಲಿ ಯಾರೋ ಕೆಮ್ಮಿದರು.

"ಹೆದರ್ಬೇಡಿ," ಯುವರಾಜ್ ಹೇಳಿದ. ಅವನ ದನಿ ಇದ್ದಕ್ಕಿದ್ದಂತೆ ಮನೆಯೊಳಗಿನ ದನಿಯಾಗಿತ್ತು. "ಲೈನಲ್ಲಿ ಏನೋ ಆಗಿದೆ, ಬರುತ್ತೆ. ಆ ಬಾಗಿಲು ತಾನಾಗೇ ಹಾಕ್ಕೊಳ್ಳುತ್ತೆ. ಇಲ್ದಿದ್ರೆ ಮೇಲೆ ಹತ್ತಿರೋ ನೀರೆಲ್ಲ ವಾಪಸ್ ನುಗ್ಗಿಬಿಡುತ್ತೆ."

"ಈಗ ಎಲ್ಲಿದಾಳೆ?"

"ಅಲ್ಲಲ್ಲೇ ನಿಂತಿದಾರೆ ಅಮ್ಮ," ಅಂದ ಯುವರಾಜ್. ನೀರಿಗೆ ತಾನು ಬಹುವಚನ ಹಾಕಿದ್ದು ಅವನ ಗಮನಕ್ಕೇ ಬರಲಿಲ್ಲ. "ಇಲ್ಲಿಂದ ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋ ಹಾಗಿಲ್ಲ."

ಪಂಕಜಮ್ಮ ಕೊಳವೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಹೆಲ್ಮೆಟ್ ತೆಗೆದು ಸೊಸೆಯ ಕೈಗೆ ಕೊಟ್ಟು, ಕಿವಿಯನ್ನೂ ಇಟ್ಟರು. ಕಲ್ಯಾಣಿ ತಾನೂ ಆ ಬದಿಯಲ್ಲಿ ಬಗ್ಗಿ ಕಿವಿಗೊಟ್ಟಳು. ಕಬ್ಬಿಣ ತಣ್ಣಗಿತ್ತು. ಒಳಗೆ ಸದ್ದಿರಲಿಲ್ಲ, ಇದ್ದದ್ದು ಭಾರ. ಬಾಗಿಲ ಹಿಂದೆ ನಿಂತವರ ಉಸಿರನ್ನು ತಿಳಿಯುವಂತೆ ಅದನ್ನು ತಿಳಿಯಬಹುದಿತ್ತು. ಒಂದು ಇಡೀ ಹೊಳೆ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಬೆಟ್ಟ ಹತ್ತುತ್ತಿದ್ದದ್ದು, ಹತ್ತುವ ನಡುವೆ ಕಾಲೂರಿ ನಿಂತಿತ್ತು. ಕೆಳಗೆ ಬಯಲು, ಕಲ್ಲುಬಂಡೆ, ರೇಷ್ಮೆ ತೋಟಗಳ ನಡುವೆ ಹೊಳೆಯ ದಂಡೆಯವರೆಗೂ ಅದರ ಸಾಲು ಇಳಿದು ಹೋಗಿತ್ತು. ಮೇಲೆ ಬನಶಂಕರಿ, ಜಯನಗರ, ತ್ಯಾಗರಾಜನಗರ, ಅಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು, ಯಾರೋ ಮಗುವಿಗೆ ಸ್ನಾನ ಮಾಡಿಸುತ್ತಿದ್ದರು, ಯಾರಿಗೂ ಇದು ಗೊತ್ತಿಲ್ಲ. ನೀರೆಂದರೆ ಕರೆಂಟು ಎಂದು ಎಷ್ಟು ಸಲ ಬರೆದಿದ್ದಳು ಕಲ್ಯಾಣಿ! ಈಗ ಅವಳ ಕಣ್ಣಲ್ಲಿ ನೀರು ಬಂತು. ಅದು ಭಯವೋ ಭಕ್ತಿಯೋ ಅವಳಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಕರೆಂಟು ಬಂದದ್ದನ್ನು ಒಂದು ಕೆಂಪು ದೀಪ ಹೇಳಿತು. ಆದರೂ ತಕ್ಷಣ ಏನೂ ಆಗಲಿಲ್ಲ. ಕೆಲಸಗಾರರು ಅಲ್ಲಲ್ಲಿ ನಿಂತು ಒಬ್ಬರಿಗೊಬ್ಬರು ಕೈಯೆತ್ತಿ ಸನ್ನೆ ಮಾಡಿದರು. ಎಲ್ಲವನ್ನೂ ಒಟ್ಟಿಗೆ ಎಬ್ಬಿಸುವಂತಿಲ್ಲ, ಒಂದೊಂದಾಗಿ ಎಬ್ಬಿಸಬೇಕು ಎಂದು ಯುವರಾಜ್ ಹೇಳಿ ಹಾಲಿನ ತುದಿಗೆ ಓಡಿದ. ಪಂಕಜಮ್ಮ ಕೊಳವೆಯಿಂದ ಕೈ ತೆಗೆಯಲಿಲ್ಲ. ಕಲ್ಯಾಣಿಯೂ ತೆಗೆಯಲಿಲ್ಲ.

ಮೊದಲ ಮೋಟಾರು ನರಳಿತು. ದೀಪಗಳು ಮಂಕಾದವು. ಆ ನರಳಿಕೆ ಏರುತ್ತ ಹೋಗಿ, ಇನ್ನೇನು ಆಗುವುದಿಲ್ಲ ಎನ್ನುವಷ್ಟರಲ್ಲಿ ಅಂಗೈ ಕೆಳಗಿನ ಕಬ್ಬಿಣ ಒಮ್ಮೆ ಬೆಚ್ಚಿತು. ಬಾಗಿಲು ತೆರೆಯಿತು, ಭಾರ ಕದಲಿತು.

"ಎದ್ಳು," ಅಂದರು ಪಂಕಜಮ್ಮ. ಅವರ ಮುಖವೆಲ್ಲ ನೆನೆದಿತ್ತು. "ಎದ್ಳು ಕಣೇ ಕಲ್ಯಾಣಿ. ಮತ್ತೆ ಎದ್ಳು."

ಎಲ್ಲ ಮೋಟಾರುಗಳೂ ಓಡತೊಡಗಿದ ಮೇಲೆ ಕಲ್ಯಾಣಿಗೆ ಹೂವು ನೆನಪಾಯಿತು. ಕೊಳವೆಯ ಮೇಲೆ ಅದಿರಲಿಲ್ಲ. ಬಾಗಿಲು ಬಡಿದಾಗ ಹಾರಿತೋ, ಮೋಟಾರು ಎದ್ದಾಗ ಉರುಳಿತೋ, ಯಾವ ಕಡೆ ಹೋಯಿತೋ ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ. ಅವಳು ಬಗ್ಗಿ ಕೊಳವೆಯ ಕೆಳಗೆ ಹುಡುಕಲು ಹೋದಳು.

"ಬಿಡು," ಎಂದು ಪಂಕಜಮ್ಮ ಅವಳ ಭುಜ ಹಿಡಿದು ಎಬ್ಬಿಸಿದರು.

ಬಿಡು ಎಂದರೆ ಏನರ್ಥ ಎಂದು ಕಲ್ಯಾಣಿ ಕೇಳಲಿಲ್ಲ. ಕೇಳಿದರೆ ಬೇಡವೆಂದುಬಿಟ್ಟಾರು ಎಂಬ ಅಂಜಿಕೆ ಒಂದು ಕಡೆಗಿತ್ತು. ಇನ್ನೊಂದು ಕಡೆ, ಈ ಹೊತ್ತಿನಲ್ಲಿ ಬಾಲ್ ವಾಲ್ವಿನ ಮಾತೆತ್ತುವುದು ಅವಳಿಗೇ ಸಣ್ಣತನವಾಗಿ ಕಂಡಿತು. ವಾಪಸ್ಸು ಬರುವಾಗ ಕಾರಿನಲ್ಲಿ ಪಂಕಜಮ್ಮ ಕಿಟಕಿಯ ಗಾಜು ಇಳಿಸಿದರು.

"ಅವಳೂ ಇದೇ ದಾರೀಲಿ ಬರ್ತಾಳಾ?"

"ಹೌದು ಅತ್ತೆ. ಇದೇ ರಸ್ತೆ ಪಕ್ಕದಲ್ಲಿ, ಭೂಮಿಯೊಳಗೆ."

"ಹಾಗಾದ್ರೆ ಸ್ವಲ್ಪ ನಿಧಾನಕ್ಕೆ ಓಡಿಸು."

ಹಿಂದಿನ ಗಾಡಿಗಳು ಹಾರ್ನ್ ಹೊಡೆದೂ ಹೊಡೆದೂ ಮುಂದೆ ಹೋದವು. ಬನಶಂಕರಿ ಸಿಗ್ನಲ್ಲಿನವರೆಗೂ ಪಂಕಜಮ್ಮ ಕಿಟಕಿಯಿಂದ ರಸ್ತೆಯ ಅಂಚನ್ನೇ ನೋಡುತ್ತ ಬಂದರು.

ಭಾನುವಾರ ನೀರು ಬಿಡುವ ದಿನ. ಕಲ್ಯಾಣಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು, ಅಂಗಳದಿಂದ ಅಷ್ಟೋತ್ತರ ಕೇಳುತ್ತಿತ್ತು. ಆದರೆ ಅದರ ಹಿಂದೆ ಯಾವಾಗಲೂ ಕೇಳುವ ನೀರಿನ ಸದ್ದಿರಲಿಲ್ಲ. ನೀರು ಬಂದಿಲ್ಲವೇನೋ, ನಿನ್ನೆ ಕರೆಂಟು ಹೋದದ್ದಕ್ಕೆ ಇವತ್ತು ತಡವೇನೋ ಎಂದುಕೊಂಡು ಕೂದಲು ಸುತ್ತಿಕೊಳ್ಳುತ್ತ ಹೊರಗೆ ಬಂದಳು.

ಸಂಪಿನ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಪಂಕಜಮ್ಮ ಅದರ ಅಂಚಿನಲ್ಲಿ ಮಣೆ ಹಾಕಿಕೊಂಡು, ವಾಲ್ವಿನ ತಿರುಪಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಮುಚ್ಚಿ ನಾಮಗಳನ್ನು ಹೇಳುತ್ತಿದ್ದರು. ತಿರುಪು ಪೂರ್ತಿ ಮುಚ್ಚಿತ್ತು. ಸಂಪಿನಲ್ಲಿ ನೀರು ಅಂಚಿಗೆ ಒಂದು ಗೇಣು ಕೆಳಗೆ ನಿಂತಿತ್ತು. ಅಂಗಳದ ರಂಗೋಲಿ ಒಂದು ಎಳೆಯೂ ಅಳಿಸಿರಲಿಲ್ಲ. ಕಲ್ಯಾಣಿ ನಿಂತಲ್ಲೇ ನಿಂತಳು. ಅವಳಿಗೆ ಅತ್ತೆಯ ಪಕ್ಕ ಕುಕ್ಕರಿಸಿ ಕೂರಬೇಕೆನಿಸಿತು, ಕೂತಳು.

ಅಷ್ಟೋತ್ತರ ಮುಗಿಸಿ ಪಂಕಜಮ್ಮ ಕಣ್ಣು ಬಿಟ್ಟರು. "ನಾಳೆ ಆ ವೆಂಕಟಸ್ವಾಮಿಗೆ ಬರೋಕೆ ಹೇಳು," ಎಂದರು. "ಅವಳು ಬಂದಾಗಲೆಲ್ಲ ಬಗ್ಗಿ ಬಗ್ಗಿ ನೋಡ್ತಾ ಕೂತ್ಕೊಳ್ಳೋಕೆ ನನ್ನ ಸೊಂಟ ಕೇಳಲ್ಲ."

ಗೇಟು ದಡಾರೆಂದು ತೆರೆಯಿತು. ಅನಂತಪದ್ಮನಾಭರಾಯರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದಿದ್ದರು. ಈ ಮನೆಯ ಗೇಟಿನಿಂದ ನೀರಿಳಿಯುವುದನ್ನು ಊರಿಗೆಲ್ಲ ದೂರುತ್ತಿದ್ದ ರಾಯರು, ಅದು ಇಳಿದದ್ದನ್ನು ನೋಡಿಯೇ ನೀರು ಬಂತೆಂದು ತಿಳಿದು ತಮ್ಮ ಮನೆಯ ವಾಲ್ವ್ ತೆರೆಯುತ್ತಿದ್ದದ್ದು. ಇವತ್ತು ಕಾದೂ ಕಾದೂ ಸಾಕಾಗಿತ್ತು.

"ಏನ್ರೀ ಪಂಕಜಮ್ಮ, ಇವತ್ತು ನೀರೇ ಬಂದಿಲ್ವಾ?" ಎಂದು ಅಲ್ಲಿಂದಲೇ ಜೋರಾಗಿ ಕೇಳಿದರು.

"ಬಂದಿದಾಳೆ," ಅಂದರು ಪಂಕಜಮ್ಮ. "ಒಳಗಿದಾಳೆ."

"ಬೀದೀಲಿ ಒಂದು ಹನಿಯೂ ಕಾಣ್ಲಿಲ್ಲ. ನಾನು ಅಷ್ಟೊತ್ತಿಂದ—"

"ಮೆಲ್ಲಗೆ ಮಾತಾಡಿ ರಾಯರೇ. ಬಹಳ ಎತ್ತರ ಹತ್ತಿ ಬಂದಿದಾಳೆ."

ರಾಯರು ಪಂಕಜಮ್ಮನನ್ನು ನೋಡಿದರು, ಕಲ್ಯಾಣಿಯನ್ನು ನೋಡಿದರು. ಇಬ್ಬರೂ ನಗುತ್ತಿರಲಿಲ್ಲ. ಅವರು ಹತ್ತಿರ ಬಂದು ಸಂಪಿನೊಳಗೆ ಬಗ್ಗಿದರು. ಅಲ್ಲಿ ನೀರು ಅಲುಗಾಡದೆ ನಿಂತಿತ್ತು.

"ಹೌದಾ," ಎಂದರು, ಏನೂ ಅರ್ಥವಾಗದಿದ್ದರೂ ದನಿ ತಗ್ಗಿಸಿ. ಆಮೇಲೆ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಹಾಕಿ, ಚಪ್ಪಲಿ ಸದ್ದಾಗದ ಹಾಗೆ ಹೆಜ್ಜೆಯಿಡುತ್ತ, ಒಣಗಿದ ಬೀದಿಯನ್ನು ದಾಟಿ ಮನೆಗೆ ಹೋದರು.